ಕೊಳವೆಬಾವಿಯ ನೀರಿನಲ್ಲಿರುವ ಗೊಬ್ಬರದ ಲೆಕ್ಕ

ವಿಶ್ವವಿದ್ಯಾನಿಲಯಗಳು ಪರಸ್ಪರ ಸಹಯೋಗದಿಂದ ನೆಲಜಲಗಳ ಸಂಶೋಧನೆಯನ್ನು ಕೈಗೊಳ್ಳಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಎಷ್ಟು ಸಲ ಕೇಳಿಬರುತ್ತಿದೆಯೆಂದರೆ, ಒಪ್ಪಂದಪತ್ರಕ್ಕೆ ಅಂಕಿತ ಹಾಕುತ್ತಿರುವ ಕುಲಪತಿಗಳ ಭಾವಚಿತ್ರವು ಪತ್ರಿಕೆಯಲ್ಲಿ ಅಚ್ಚಾದೊಡನೆಯೇ ಆ ಸಹಯೋಗವು ಸಿದ್ಧಿಸಿತೆಂದು ಭಾವಿಸುವವರೂ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಅಂತರ್ಜಲವು ಒಪ್ಪಂದದ ಅವಧಿಯನ್ನು ನೋಡಿಕೊಂಡು ಏರಿಳಿಯತಕ್ಕ ವಸ್ತುವಲ್ಲ. ಅದರ ಗತಿಯನ್ನು ತಿಳಿಯಬಯಸುವವರು ಒಂದೇ ನೆಲದಲ್ಲಿ ನಿಂತು ಹಲವು ಮಳೆಗಾಲಗಳನ್ನೂ ಹಲವು ಬರಗಳನ್ನೂ ಕಂಡಿರಬೇಕಾಗುತ್ತದೆ. ಹಾಗೆ ನಿಂತು ಕಂಡವರ ಕಾರ್ಯವೊಂದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿಯೇ ನಡೆದುಬಂದಿದ್ದರೂ ಅದರ ಫಲವು ನಮ್ಮ ಕೃಷಿ ಆಡಳಿತದ ಕಾಗದಪತ್ರಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲವೆಂಬುದೇ ಈ ಲೇಖನದ ದೂರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳೂ ಕೂಡಿ 2001ರಲ್ಲಿ ಜಲವಿಜ್ಞಾನಕ್ಕೆಂದು ಒಂದು ಜಂಟಿ ಕೇಂದ್ರವನ್ನು ಆರಂಭಿಸಿದುವು. ಆ ಕೇಂದ್ರದ ವಿದ್ವಾಂಸರು ಬಂಡೀಪುರದ ಕಾಡಿನೊಳಗೆ ಮೂಲೆಹೊಳೆಯೆಂಬಲ್ಲಿ ಸುಮಾರು 4 ಚದರ ಕಿಲೋಮೀಟರಿನ ಪುಟ್ಟ ಜಲಾನಯನವೊಂದನ್ನು ಆರಿಸಿಕೊಂಡು, ಅಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಹರಿಯಿತು, ಎಷ್ಟು ಇಂಗಿತು, ಎಷ್ಟನ್ನು ಮರಗಳು ಹೀರಿ ಆಕಾಶಕ್ಕೆ ಹಿಂದಿರುಗಿಸಿದುವು ಎಂಬುದನ್ನು ವರ್ಷವರ್ಷವೂ ಅಳೆಯುತ್ತ ಬಂದರು. ಅನಂತರ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯ ಜಲಾನಯನ, 84 ಚದರ ಕಿಲೋಮೀಟರು, ಅವರ ಎರಡನೆಯ ಪ್ರಯೋಗಭೂಮಿಯಾಯಿತು. ಮೊದಲನೆಯದು ಮನುಷ್ಯನ ಕೈ ಅಷ್ಟಾಗಿ ಸೋಕದ ಕಾಡು. ಇನ್ನೊಂದು ಅರಿಸಿನ, ಬಾಳೆ, ಕಬ್ಬು, ಚೆಂಡುಹೂಗಳನ್ನು ಬೆಳೆಯುವ, ಹೊಲಹೊಲಕ್ಕೂ ಕೊಳವೆಬಾವಿ ಕೊರೆದ ನಾಡು. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಬೇಸಾಯವು ಜಲಚಕ್ರವನ್ನು ಎಷ್ಟರಮಟ್ಟಿಗೆ ಮಾರ್ಪಡಿಸಿದೆಯೆಂಬುದು ಕಾಣುತ್ತದೆಂಬ ವಿವೇಕ ಈ ಆಯ್ಕೆಯಲ್ಲಿದೆ.

ಅವರು ಕಂಡುದರಲ್ಲಿ ಒಂದಂಶವು ನಮ್ಮ ಸಾಮಾನ್ಯ ತಿಳಿವಳಿಕೆಗೆ ನೇರವಾಗಿ ವಿರುದ್ಧವಾದುದು. ತಗ್ಗಿನಲ್ಲಿ ನೀರು ಮೇಲೆಯೇ ಸಿಕ್ಕುತ್ತದೆ, ದಿಣ್ಣೆಯಲ್ಲಿ ಆಳಕ್ಕಿಳಿಯಬೇಕು ಎಂಬುದು ಬಾವಿ ತೋಡಿಸುವ ಪ್ರತಿಯೊಬ್ಬನೂ ಬಲ್ಲ ಮಾತು. ಗುಂಡ್ಲುಪೇಟೆಯ ಸೀಮೆಯಲ್ಲಿ ಇದು ತಲೆಕೆಳಗಾಗಿದೆ: ಕಣಿವೆಯ ಫಲವತ್ತಾದ ಹೊಲಗಳಲ್ಲಿ ಪಂಪುಗಳು ಮೊದಲು ಕೂತು, ದೀರ್ಘಕಾಲ ಎತ್ತಿದ್ದರ ಪರಿಣಾಮವಾಗಿ, ತಗ್ಗಿನ ಅಂತರ್ಜಲವೇ ದಿಣ್ಣೆಯದಕ್ಕಿಂತ ಕೆಳಗೆ ಹೋಗಿದೆ. ಹಳ್ಳಕ್ಕೆ ಒಸರುತ್ತಿದ್ದ ನೀರು ನಿಂತಿದೆ. ಹಳ್ಳ ಬತ್ತಿದುದಕ್ಕೆ ಮಳೆಯನ್ನು ದೂರುವುದು ಸುಲಭ. ಅರ್ಕಾವತಿ ನದಿಯ ವಿಷಯದಲ್ಲಿಯೂ ನಾವು ಬಹುಕಾಲ ಹಾಗೆಯೇ ದೂರಿದೆವು. ಏಟ್ರೀ ಸಂಸ್ಥೆಯೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ವಾಂಸರೂ ಸೇರಿ ಪರಿಶೀಲಿಸಿದಾಗ, ಆ ನದಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಗ್ಗಿದುದಕ್ಕೆ ಮಳೆಗಿಂತ ಕೊಳವೆಬಾವಿಯೂ ನೀಲಗಿರಿ ತೋಪುಗಳೂ ಹೆಚ್ಚಿನ ಕಾರಣವೆಂದು ತೋರಿಬಂದಿತು.

ಬೇರಂಬಾಡಿಯ ಇನ್ನೊಂದು ಶೋಧವು ರೈತನ ಕೈಚೀಲಕ್ಕೆ ಹತ್ತಿರವಾದುದು. 200ಕ್ಕೂ ಹೆಚ್ಚು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ ಹಲವೆಡೆ ನೈಟ್ರೇಟಿನ ಪ್ರಮಾಣವು ಕುಡಿಯುವ ನೀರಿನ ಮಿತಿಯನ್ನು ಬಹುವಾಗಿ ಮೀರಿತ್ತು. ಹೊಲಕ್ಕೆ ಚೆಲ್ಲಿದ ಯೂರಿಯಾದಲ್ಲಿ ಬೆಳೆ ಹೀರದೆ ಬಿಟ್ಟದ್ದು ನೀರಿನೊಡನೆ ಕೆಳಗಿಳಿಯುತ್ತದೆ, ಅದೇ ನೀರನ್ನು ಪಂಪು ಮತ್ತೆ ಮೇಲೆತ್ತುತ್ತದೆ, ಅದರ ಮೇಲೆ ಹೊಸದಾಗಿ ಗೊಬ್ಬರ ಬೀಳುತ್ತದೆ. ಈ ಸುತ್ತು ವರ್ಷವರ್ಷವೂ ಬಿಗಿಯಾಗುತ್ತದೆ. ಪೊಟ್ಯಾಷ್ ಗೊಬ್ಬರದೊಡನೆ ಬರುವ ಕ್ಲೋರೈಡೂ ಹೀಗೆಯೇ ಸಂಚಯವಾಗಿ ಅಂತರ್ಜಲವನ್ನು ಸವುಳಾಗಿಸತೊಡಗಿದೆಯೆಂದು ಅವರೇ ಮುಂದೆ ತೋರಿಸಿದರು.

ಇದನ್ನು ತೂಕದ ಲೆಕ್ಕಕ್ಕೆ ಇಳಿಸಿ ನೋಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಸಾರಜನಕದ ತೂಕದಲ್ಲಿ ಅದು ಸುಮಾರು 10 ಮಿಲಿಗ್ರಾಂ. ಮಿತಿಯನ್ನು ಮುಟ್ಟಿದ, ಇನ್ನೂ ಮೀರದ ಅಂತಹ ನೀರನ್ನು ಒಂದು ಎಕರೆಗೆ ಒಂದು ಬೆಳೆಯ ಅವಧಿಯಲ್ಲಿ 500 ಮಿಲಿಮೀಟರಿನಷ್ಟು, ಎಂದರೆ ಸುಮಾರು 20 ಲಕ್ಷ ಲೀಟರು ಹಾಯಿಸಿದರೆ, ಅದರೊಡನೆ ಸುಮಾರು 20 ಕಿಲೋ ಸಾರಜನಕವು ಹೊಲವನ್ನು ಸೇರುತ್ತದೆ. ಈಗ 45 ಕಿಲೋ ತೂಗುವ ಒಂದು ಮೂಟೆ ಯೂರಿಯಾದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ರೈತನು ಸೊಸೈಟಿಯ ಮುಂದೆ ಸರದಿಯಲ್ಲಿ ನಿಂತು ತರುವ ಮೂಟೆಯೊಂದು ಅವನ ಬಾವಿಯಲ್ಲಿಯೇ ಕರಗಿ ಕುಳಿತಿದೆ!

2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿಯು ಈ ಮೂಟೆಯನ್ನು ಕಾಣಲಾರದು. ಅದು ಪರೀಕ್ಷಿಸುವ 12 ಅಂಶಗಳೂ ಮಣ್ಣಿನವು. ನೀರಾವರಿಯ ನೀರು ತರುವ ಸಾರಜನಕಕ್ಕೆ ಅದರಲ್ಲಿ ಸ್ಥಾನವಿಲ್ಲ. ಸುಜಲಾ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳೂ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾನಿಲಯವೂ ಕೂಡಿ ಗುಂಡಿ ತೋಡಿ, ಮಣ್ಣಿನ ಆಳ, ಇಳಿಜಾರು, ಕಲ್ಲಿನಂಶಗಳನ್ನು ಗುರುತಿಸಿ ಭೂಸಂಪನ್ಮೂಲದ ಮಾಹಿತಿಯನ್ನು ಸರ್ವೆ ನಂಬರಿನವರೆಗೂ ಇಳಿಸಿದುದು ಮೆಚ್ಚತಕ್ಕ ಕೆಲಸವೇ ಸರಿ. ಆದರೆ ನೀರಿನ ವಿಜ್ಞಾನವು ಒಂದು ವಿದ್ಯಾಲಯದಲ್ಲಿಯೂ ಗೊಬ್ಬರದ ಶಿಫಾರಸು ಇನ್ನೊಂದು ವಿದ್ಯಾಲಯದಲ್ಲಿಯೂ ಬೆಳೆದು, ಎರಡಕ್ಕೂ ಬೇಕಾದ ಭೇಟಿಯು ರೈತನ ಚೀಟಿಯ ಮೇಲೆ ಆಗದಿದ್ದರೆ, ಸಹಯೋಗವೆಂಬುದು ಪ್ರಬಂಧದ ಶಿರೋಭಾಗದಲ್ಲಿ ಲೇಖಕರ ಹೆಸರುಗಳು ಒಟ್ಟಾಗಿ ನಿಲ್ಲುವುದಕ್ಕೆ ಮುಗಿದುಹೋಗುತ್ತದೆ.

ಹೊರನಾಡಿನ ವಿದ್ವಾಂಸರೊಡನೆ ಕೂಡಿ ದುಡಿಯುವುದು ಈ ನಾಡಿಗೆ ಹೊಸತೇನಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಕೆನಡಾದವರು. ಅಡಕೆಯ ಕೊಳೆರೋಗಕ್ಕೆ ಅವರು ಬಳಕೆಗೆ ತಂದ ಬೋರ್ಡೋ ದ್ರಾವಣವನ್ನು ಮಲೆನಾಡಿನವರು ಇಂದಿಗೂ ಸಿಂಪಡಿಸುತ್ತಿದ್ದಾರೆ. ಆ ವಿದ್ಯೆ ತೋಟದವರೆಗೆ ನಡೆದುಬಂದದ್ದು, ಶೋಧಿಸಿದವರೂ ಪ್ರಚಾರಮಾಡುವವರೂ ಆಗ ಒಂದೇ ಇಲಾಖೆಯವರಾಗಿದ್ದುದರಿಂದ. ಈಗ ಆ ಎರಡು ಕೆಲಸಗಳ ನಡುವೆ ಅನೇಕ ಕಚೇರಿಗಳು ಬಂದುನಿಂತಿವೆ.

ಆದಕಾರಣ ರಾಜ್ಯ ಸರ್ಕಾರವು ಎರಡು ಕೆಲಸಗಳನ್ನು ಮಾಡಲಿ. ಮೂಲೆಹೊಳೆ, ಬೇರಂಬಾಡಿಗಳಂತಹ ದೀರ್ಘಕಾಲದ ಅಳತೆಯ ನೆಲೆಗಳು ಹೊರಗಿನ ಅನುದಾನ ಮುಗಿದಾಗ ಮುಚ್ಚಿಹೋಗದಂತೆ ತನ್ನ ಆಯವ್ಯಯದಲ್ಲಿಯೇ ಅವಕಾಶ ಕಲ್ಪಿಸಿ, ಬಯಲುಸೀಮೆಯ ಬೇರೆ ಬೇರೆ ಮಣ್ಣುಗಳಲ್ಲಿಯೂ ಇಂತಹವನ್ನು ತೆರೆಯುವುದು ಒಂದು. ಎರಡನೆಯದಕ್ಕೆ ಆಯೋಗವೂ ಬೇಡ, ಹೊಸ ಒಡಂಬಡಿಕೆಯೂ ಬೇಡ: ರೈತ ಸಂಪರ್ಕ ಕೇಂದ್ರದವರು ಮಣ್ಣಿನ ಮಾದರಿಯ ಜೊತೆಗೆ ಒಂದು ಬಾಟಲಿ ಕೊಳವೆಬಾವಿಯ ನೀರನ್ನೂ ತರಿಸಿಕೊಂಡು, ಅದರಲ್ಲಿರುವ ಸಾರಜನಕವನ್ನು ಶಿಫಾರಸಿನಿಂದ ಕಳೆದು ಬರೆದುಕೊಡಲಿ. ಬರುವ ಮುಂಗಾರಿಗೆ ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ ಇದನ್ನು ಆರಂಭಿಸಬಹುದು.