ಮಾಟಕ್ಕೂ ಲೆಕ್ಕ ಇದೆ

ವಿಜ್ಞಾನ ಕಾದಂಬರಿ ಬುದ್ಧಿವಂತರಿಗೆ, ಮಾಟ-ಮಂತ್ರದ ಫ್ಯಾಂಟಸಿ ಮಕ್ಕಳಿಗೆ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ನಂಗೆ ಎಷ್ಟೋ ಸಲ ಉಲ್ಟಾ ಅನ್ನಿಸಿದೆ.

ಆರ್ಥರ್ ಕ್ಲಾರ್ಕ್‌ನ 'ರೆಂಡೆವೂ ವಿತ್ ರಾಮ' (1973) ನೋಡಿ. 50 ಕಿಲೋಮೀಟರ್ ಉದ್ದದ ಸಿಲಿಂಡರೊಂದು ಸೌರಮಂಡಲದೊಳಕ್ಕೆ ಬರುತ್ತೆ, ಅದರ ಹೊಟ್ಟೆಯೊಳಗೊಂದು ಸಮುದ್ರ! ಅಳತೆಗಳೆಲ್ಲ ಕರಾರುವಾಕ್ಕು. ಕಟ್ಟಿದವರು ಯಾರು, ಯಾಕೆ ಅಂದ್ರೆ ಉತ್ತರವಿಲ್ಲ. ಬಂದ ಹಾಗೇ ಹೊರಟುಹೋಗುತ್ತೆ. ಉಳಿಯೋದು ಬರೀ ಬೆರಗು, ಅಜ್ಜಿ ಕಥೆ ಕೇಳಿದಾಗಿನ ಥರ.

ಉರ್ಸುಲಾ ಲೆ ಗ್ವಿನ್‌ರ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968) ಹೆಸರಿಗೆ ಮಂತ್ರವಾದಿ ಕಥೆ. ಆದ್ರೆ ಅಲ್ಲಿ ಯಾವ ವಸ್ತುವಿನ ಮೇಲೆ ಮಂತ್ರ ಹಾಕಬೇಕಾದ್ರೂ ಅದರ ನಿಜವಾದ ಹೆಸರು ಗೊತ್ತಿರಬೇಕು. ಹುಡುಗರು ಒಂಟಿ ಗೋಪುರದಲ್ಲಿ ಕೂತು ಹೆಸರುಗಳ ಪಟ್ಟಿ ಉರುಹೊಡೀತಾರೆ, ಥೇಟ್ ನಮ್ಮ ಕೆಮಿಸ್ಟ್ರಿ ಕ್ಲಾಸು :) ಇಲ್ಲಿ ಮಳೆ ತರಿಸಿದ್ರೆ ಇನ್ನೆಲ್ಲೋ ಬರ ಬೀಳಬಹುದು. ಗೆಡ್ ಅನ್ನೋ ಹುಡುಗ ಜಂಬಕ್ಕೆ ಬಿದ್ದು ಸತ್ತವಳೊಬ್ಬಳನ್ನು ಕರೀತಾನೆ. ಜೊತೆಗೆ ಒಂದು ನೆರಳೂ ನುಗ್ಗಿಬಿಡುತ್ತೆ. ಆ ಬಿರುಕು ಮುಚ್ಚೋಕೆ ಹಿರಿಯ ಗುರು ತನ್ನ ಪ್ರಾಣವನ್ನೇ ಕೊಡಬೇಕಾಗುತ್ತೆ. ಇಷ್ಟು ಕಟ್ಟುನಿಟ್ಟಿನ ಲೆಕ್ಕ ಎಷ್ಟು ರಾಕೆಟ್ ಕಥೆಗಳಲ್ಲಿದೆ, ಹೇಳಿ?

ಅಂದಹಾಗೆ, ಹಾರುವ ಓತಿಯ ಬೆನ್ನು ಹತ್ತಿ ಕಾಡು ಸೇರೋ ತೇಜಸ್ವಿಯವರ 'ಕರ್ವಾಲೊ'ನ ನೀವು ಯಾವ ಕಪಾಟಲ್ಲಿ ಇಡ್ತೀರಿ?