ದೊಡ್ಡ ಪರದೆ, ಚಿಕ್ಕ ಪಟ

ಓದುಗರೇ, ನಮ್ಮ ಮನೆಗಳ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿಯ ರಂಗವಲ್ಲಿ ಇಡುವುದನ್ನು ನೀವೆಲ್ಲ ಬಲ್ಲಿರಿ. ಚುಕ್ಕಿಗಳು ವಿರಳವಾದರೆ ಹೂವಿನ ಎಸಳು ಒರಟಾಗುತ್ತದೆ. ಒತ್ತಾದರೆ ನವಿಲಿನ ಕಣ್ಣೂ ಮೂಡುತ್ತದೆ. ಟೆಲಿವಿಷನ್ನಿನ ಪರದೆಯೂ ಇಂಥದೊಂದು ಅಂಗಳವೇ. 'ಫುಲ್ ಎಚ್.ಡಿ.' ಎಂಬ ಪರದೆಯಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕಿಗಳು, ಒಟ್ಟು 20,73,600. '4ಕೆ' ಎಂಬುದರಲ್ಲಿ 3840ಕ್ಕೆ 2160. ಎಂದರೆ ಮೊದಲಿನದರ ನಾಲ್ಕರಷ್ಟು. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು.

ಈ ಲೆಕ್ಕವನ್ನು ಅರ್ಧ ಮಾತ್ರ ಕಲಿತದ್ದು ನನ್ನ ಅಪರಾಧ.

ಶಿಕಾರಿಪುರದ ನಮ್ಮ ಮನೆಗೆ ಅಮ್ಮ ಕೊನೆಯ ಸಲ ಬಂದಾಗ ಅವರನ್ನು ಬಳ್ಳಿಗಾವೆಗೆ ಕರೆದೊಯ್ದಿದ್ದೆವು. ಕೇದಾರೇಶ್ವರ ದೇಗುಲದ ಜಗಲಿಯಲ್ಲಿ ಕುಳಿತ ಅಮ್ಮ, ಸುತ್ತ ಮೊಮ್ಮಕ್ಕಳು. ಸೊರಬದಿಂದ ಬಂದಿದ್ದ ಭಾವನವರ ಫೋನಿನಲ್ಲಿ ಆ ಪಟ ತೆಗೆದದ್ದು. 4000ಕ್ಕೆ 3000 ಚುಕ್ಕಿಗಳ ಚಿತ್ರ. ಮನೆಗೆ ಮರಳಿದ ಮೇಲೆ ಎಲ್ಲ ಪಟಗಳನ್ನೂ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಕನ್ನಡದ ಮೇಷ್ಟರಿಗೆ ಮಿತವ್ಯಯದ ಚಪಲ ಹೆಚ್ಚು. 'ನಮ್ಮ ಟಿ.ವಿ.ಗೆ ಇಪ್ಪತ್ತು ಲಕ್ಷ ಚುಕ್ಕಿ ಸಾಕಾಗಿರುವಾಗ ಕೋಟಿಗೂ ಮೀರಿ ಏತಕ್ಕೆ?' ಎಂದುಕೊಂಡು ಎಲ್ಲವನ್ನೂ ಪರದೆಯ ಅಳತೆಗೆ ಕುಗ್ಗಿಸಿ, ಮೂಲಗಳನ್ನು ಅಳಿಸಿಬಿಟ್ಟೆ. ಪಟ 4:3ರ ಪ್ರಮಾಣದ್ದು, ಪರದೆ 16:9ರದು. ಆದ್ದರಿಂದ ಅದು 1440ಕ್ಕೆ 1080ಕ್ಕೆ ಇಳಿದು, ಇಕ್ಕೆಲಗಳಲ್ಲಿ ಕಪ್ಪು ಪಟ್ಟಿ ಉಳಿಯಿತು. ನಲವತ್ತಮೂರು ಅಂಗುಲದ ನಮ್ಮ ಟಿ.ವಿ.ಯಲ್ಲಿ, ಎಂಟಡಿ ದೂರದ ಕುರ್ಚಿಯಿಂದ ನೋಡಿದರೆ ಕೊರತೆಯೇ ಕಾಣದು. ಅಷ್ಟು ದೊಡ್ಡ ಫುಲ್ ಎಚ್.ಡಿ. ಪರದೆಯಿಂದ ಸುಮಾರು ಐದೂವರೆ ಅಡಿ ಹಿಂದೆ ಸರಿದರೆ ಸಾಮಾನ್ಯ ಕಣ್ಣು ಚುಕ್ಕಿಯನ್ನು ಚುಕ್ಕಿಯಿಂದ ಬೇರ್ಪಡಿಸಲಾರದು. ನನ್ನನ್ನು ಮೋಸಗೊಳಿಸಿದ್ದು ಆ ಕುರ್ಚಿಯೇ!

ಬೇರೊಂದು ಪಟದ ಕಥೆಯೂ ಇದೆ. ಬಳ್ಳಿಗಾವೆಯ ಭೇರುಂಡೇಶ್ವರ ಸ್ತಂಭವನ್ನು ನೀವು ನೋಡಿರಬಹುದು. ಅಷ್ಟು ಎತ್ತರದ ಕಂಬ ಹಿಡಿಯಬೇಕೆಂದು ಫೋನನ್ನು ನೆಟ್ಟಗೆ ನಿಲ್ಲಿಸಿ ತೆಗೆದಿದ್ದೆ. ಟಿ.ವಿ.ಯಲ್ಲಿ ಅದಕ್ಕೆ ದೊರೆತ ಅಗಲ 1920ರಲ್ಲಿ 810 ಚುಕ್ಕಿ ಮಾತ್ರ. ಕಂಬ ಕಡ್ಡಿಯಾಯಿತು, ಗಂಡಭೇರುಂಡ ಗುಬ್ಬಿಯಾಯಿತು. ಟಿ.ವಿ.ಯಲ್ಲಿ ನೋಡುವ ಆಸೆಯಿದ್ದರೆ ಫೋನನ್ನು ಅಡ್ಡಲಾಗಿ ಹಿಡಿಯುವುದೇ ಲೇಸು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳ ಕಾಲಕ್ಕೆ ನಮ್ಮಲ್ಲಿ ಬಣ್ಣದ ಟಿ.ವಿ. ಬಂದಾಗ ಪೆಟ್ಟಿಗೆಯ ಮುಖವೂ 4:3ರದೇ ಆಗಿತ್ತು. ಚಿತ್ರಕ್ಕೆ ಒದಗುತ್ತಿದ್ದ ಗೆರೆಗಳು 576 ಮಾತ್ರ. ಅಗಲ ಪರದೆಯ ಜಗಳ ಆಗ ಇರಲಿಲ್ಲ.

ಅಮ್ಮನ ವರ್ಷಾಂತಿಕಕ್ಕೆ ಸೊರಬದ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಲ್ಲಿಯದು ಐವತ್ತೈದು ಅಂಗುಲದ 4ಕೆ ಟಿ.ವಿ. ಪೆನ್‌ಡ್ರೈವ್ ಚುಚ್ಚಿ ಪಟ ತೋರಿಸಿದೆ. 2880ಕ್ಕೆ 2160 ಚುಕ್ಕಿ ಬೇಡುವ ಜಾಗದಲ್ಲಿ ನಾನು ಕೊಟ್ಟದ್ದು ಅದರ ನಾಲ್ಕನೆಯ ಒಂದು ಪಾಲು. ಮಿಕ್ಕದ್ದನ್ನು ಯಂತ್ರ ತಾನೇ ಊಹಿಸಿ ತುಂಬಿಕೊಂಡಿತು. ಅಕ್ಕ ಎದ್ದು ಪರದೆಯ ಹತ್ತಿರ ಹೋದಳು. "ಅಮ್ಮನ ಮುಖ ಸ್ವಲ್ಪ ದೊಡ್ಡದು ಮಾಡೋ" ಎಂದಳು. ಮಾಡಿದೆ. ಮೂಲದಲ್ಲಿ ಮುಖದ ಅಗಲ ಇನ್ನೂರು ಚುಕ್ಕಿಯಷ್ಟಿದ್ದರೆ ನನ್ನ ಪ್ರತಿಯಲ್ಲಿ ಎಪ್ಪತ್ತೆರಡು. ಮಂಜಿನೊಳಗಿಂದ ನೋಡಿದಂತಿತ್ತು.

"ಮಾವ, ಅಜ್ಜಿಯ ಕಣ್ಣೇ ಕಾಣೋದಿಲ್ಲ" ಎಂದ ಅಕ್ಕನ ಕಿರಿಯ ಮಗ. ಅಕ್ಕ ಏನೂ ಅನ್ನಲಿಲ್ಲ.

ಅವನ ಫೋನಿನಲ್ಲಿದ್ದ ಪ್ರತಿ ಇನ್ನೂ ಕಳಪೆ. ಸಂದೇಶದ ಆ್ಯಪ್‌ಗಳು ಪಟವನ್ನು ಸಾಗಿಸುವಾಗ ಸಾಮಾನ್ಯವಾಗಿ ಹಿಂಡಿಬಿಡುತ್ತವೆ. ಪಟವೆಂದು ಕಳಿಸದೆ ಕಡತವೆಂದು, 'ಡಾಕ್ಯುಮೆಂಟ್' ಎಂದು ಕಳಿಸಿದರೆ ಮಾತ್ರ ಇದ್ದದ್ದು ಇದ್ದಂತೆ ತಲಪುತ್ತದೆ.

ಆದ್ದರಿಂದ, ಇಂದಿನ ಫೋನಿನ ಪಟವನ್ನು ಟಿ.ವಿ.ಗಾಗಿ ಕುಗ್ಗಿಸುವ ಶ್ರಮವೇ ಅನಾವಶ್ಯಕ. ಹೆಚ್ಚಾದ ಚುಕ್ಕಿಗಳನ್ನು ಟಿ.ವಿ.ಯೇ ಇಳಿಸಿಕೊಳ್ಳುತ್ತದೆ. ಹಳೆಯ ಯಂತ್ರ ದೊಡ್ಡ ಕಡತಕ್ಕೆ ಏದುಸಿರು ಬಿಟ್ಟರೆ ಬೇರೆ ಪ್ರತಿಯನ್ನು ಕುಗ್ಗಿಸಿ, ಮೂಲವನ್ನು ಮುಟ್ಟಬೇಡಿ. ಸ್ಟುಡಿಯೋದವರು ಹೇಳುವ 'ಅಂಗುಲಕ್ಕೆ ಮುನ್ನೂರು' ಎಂಬ ಮಾತು ಕಾಗದಕ್ಕೆ ಸಲ್ಲುವುದು. ಪರದೆ ಒಟ್ಟು ಚುಕ್ಕಿಗಳನ್ನಷ್ಟೇ ಎಣಿಸುತ್ತದೆ. ಆದರೆ ಆಲ್ಬಮ್ಮಿನ ಹಳೆಯ ಪಟಗಳನ್ನು ಸ್ಕ್ಯಾನ್ ಮಾಡಿಸುವಾಗ ಆ ಮಾತು ನೆನಪಿರಲಿ: ಆರು ಅಂಗುಲಕ್ಕೆ ನಾಲ್ಕಂಗುಲದ ಪಟವನ್ನು ಮುನ್ನೂರರಲ್ಲಿ ಮಾಡಿಸಿದರೆ 1800ಕ್ಕೆ 1200 ಚುಕ್ಕಿ, ಫುಲ್ ಎಚ್.ಡಿ.ಗೆ ಸಾಕು, ಆರುನೂರರಲ್ಲಿ 3600ಕ್ಕೆ 2400, 4ಕೆ ಪರದೆಗೂ ಧಾರಾಳ.

ಊಟವಾದ ಮೇಲೆ ಭಾವನವರು ತಟ್ಟನೆ ಎದ್ದು ಬೀರುವಿನ ಖಾನೆ ತಡಕಿದರು. ಗಾಜು ಬಿರಿದ ಹಳೆಯ ಫೋನು ಸಿಕ್ಕಿತು. ಅದಕ್ಕೆ ಜೀವ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಯಾರೂ ಪಡಸಾಲೆ ಬಿಟ್ಟು ಕದಲಲಿಲ್ಲ. ಪಟ ಅದರಲ್ಲಿತ್ತು, 4000ಕ್ಕೆ 3000. ತಂತಿ ಹಚ್ಚಿ ಮೊದಲು ಮೂರು ಕಡೆ ಪ್ರತಿ ಮಾಡಿಕೊಂಡು, ಆಮೇಲೆ ಟಿ.ವಿ.ಯಲ್ಲಿ ತೆರೆದೆವು.

ಅಕ್ಕ ಮತ್ತೆ ಪರದೆಯ ಬಳಿಗೆ ಹೋದಳು. ಈ ಸಲ ಮುಖವನ್ನಲ್ಲ, ಕೈಯನ್ನು ದೊಡ್ಡದು ಮಾಡಿಸಿದಳು. ಅಮ್ಮನ ಬಳೆಗೆ ಸಿಕ್ಕಿಸಿದ್ದ ಎರಡು ಪಿನ್ನುಗಳು ಸ್ಪಷ್ಟವಾಗಿ ಕಂಡವು.