ನಿಮ್ಮ ಘಮ, ನಮಗೆ ಘಾಟು

ಫುಸ್!

ನನ್ನ ಹಿಂದಿನ ಆಫೀಸಿನಲ್ಲಿ ಹೊತ್ತು ಗೊತ್ತಾಗೋಕೆ ಗಡಿಯಾರವೇ ಬೇಕಿರಲಿಲ್ಲ. ನಮ್ಮ ಸೀಟುಗಳ ಹಿಂದಿನ ಗೋಡೆಗೆ ಒಂದು ಬಿಳಿ ಡಬ್ಬಿ ಸಿಕ್ಕಿಸಿದ್ದರು. ಹದಿನೈದು ನಿಮಿಷಕ್ಕೊಮ್ಮೆ ಅದು 'ಫುಸ್' ಅನ್ನೋದು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆವರೆಗೆ ಲೆಕ್ಕ ಹಾಕಿದರೆ ದಿನಕ್ಕೆ 36 ಸಲ. ಡಬ್ಬಿಯ ಮೈಮೇಲೆ ಲ್ಯಾವೆಂಡರ್ ಹೂವಿನ ಚಿತ್ರ. ಆ ಹೂವನ್ನು ನಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದರೋ ಏನೋ, ಅದರ ವಾಸನೆ ಮಾತ್ರ ಎಲ್ಲರಿಗೂ ಪರಿಚಿತ. ಮಾಲ್‌ನ ಟಾಯ್ಲೆಟ್ ವಾಸನೆ.

ಆ ಡಬ್ಬಿಯ ಕೆಳಗೇ ನನ್ನ ಪಕ್ಕದ ಸೀಟಿನವಳು ಕೂರುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಅಸ್ತಮಾ. ಬ್ಯಾಗಿನಲ್ಲಿ ಯಾವಾಗಲೂ ನೀಲಿ ಇನ್‌ಹೇಲರ್. ಮೊದಲ ವಾರ ಸುಮ್ಮನೆ ಕೆಮ್ಮಿದಳು. ಎರಡನೇ ವಾರ ಫೆಸಿಲಿಟಿಯವರನ್ನು ಕೇಳಿದಳು, "ಅಣ್ಣ, ಇದನ್ನ ಸ್ವಲ್ಪ ಆಫ್ ಮಾಡ್ತೀರಾ?" ಅವರು, "ಮೇಡಂ, ಮೇಲಿಂದ ಹೇಳಿದ್ದಾರೆ, ನಾವೇನೂ ಮಾಡೋ ಹಾಗಿಲ್ಲ" ಅಂದರು. ಮೇಲಿನವರನ್ನು ಕೇಳಿದರೆ, "ಬೇಕಿದ್ರೆ ಸೀಟ್ ಚೇಂಜ್ ಮಾಡ್ಕೊಳ್ಳಿ" ಅಂದರು. ಇಡೀ ಫ್ಲೋರಿಗೆ ಒಂದೇ ಎಸಿ. ಎಲ್ಲಿಗೆ ಅಂತ ಚೇಂಜ್ ಮಾಡೋದು?

ಆಮೇಲೆ ಅವಳಿಗೆ 'ಸೆನ್ಸಿಟಿವ್ ಮೇಡಂ' ಅಂತ ಹೆಸರು ಬಿತ್ತು. ಹೇಳಿದವರು ನಕ್ಕರು. ಒಂದೆರಡು ಸಲ ನಾನೂ ನಕ್ಕಿದ್ದೇನೆ. ಈ ಬರಹ ಆ ನಗುವಿನ ಸಾಲ ತೀರಿಸೋ ಪ್ರಯತ್ನ ಅಂದುಕೊಳ್ಳಿ.

ಒಂದು ದಿನ ಕ್ಲೈಂಟ್ ಬರುತ್ತಾರೆ ಅಂತ ಮೀಟಿಂಗ್ ರೂಮಿಗೆ ಧಾರಾಳವಾಗಿ ಫ್ರೆಶ್ನರ್ ಹೊಡೆದಿದ್ದರು. ಸಾಲದ್ದಕ್ಕೆ ನಮ್ಮವರೊಬ್ಬರು ಸೆಂಟಿನಲ್ಲಿ ಮಿಂದೇ ಬಂದಿದ್ದರು. ಬಾಗಿಲು ಮುಚ್ಚಿತು. ಪ್ರೆಸೆಂಟೇಶನ್ ಅವಳದ್ದು. ಐದನೇ ಸ್ಲೈಡಿಗೆ ಮಾತು ತುಂಡಾಯಿತು, ಏಳನೆಯದಕ್ಕೆ ಉಸಿರು ಸಿಗಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ಇನ್‌ಹೇಲರ್ ಎಳೆದುಕೊಂಡಳು. ಅದೂ 'ಫುಸ್' ಅಂತಲೇ ಸದ್ದು ಮಾಡುತ್ತೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ಆ ವರ್ಷದ ಅಪ್ರೈಸಲ್‌ನಲ್ಲಿ ಅವಳ ಬಗ್ಗೆ ಬರೆದದ್ದು: ಒತ್ತಡ ನಿಭಾಯಿಸೋದು ಕಲೀಬೇಕು. ಮೂರು ತಿಂಗಳಿಗೆ ಕೆಲಸ ಬಿಟ್ಟಳು.

ಈಗ ನನ್ನ ತಕರಾರಿಗೆ ಬರ್ತೀನಿ. ಸೆಂಟು ಹಾಕ್ಕೊಳ್ಳೋದು, ಫ್ರೆಶ್ನರ್ ಹೊಡೆಯೋದು ಅವರವರ ಇಷ್ಟ ಅಂತ ನಾವೆಲ್ಲ ನಂಬಿದ್ದೇವೆ. ಮನೆಯಲ್ಲಾದರೆ ನಿಜ. ಆಫೀಸಿನಲ್ಲಿ ಅಲ್ಲ. ನಿಮ್ಮ ಶರ್ಟಿನ ಬಣ್ಣ ಹಿಡಿಸದಿದ್ದರೆ ಬೇರೆ ಕಡೆ ನೋಡಬಹುದು. ಫೋನಿನಲ್ಲಿ ಜೋರಾಗಿ ಹಾಡು ಹಾಕಿದರೆ "ಇಯರ್‌ಫೋನ್ ಹಾಕ್ಕೊಳ್ಳಪ್ಪ" ಅಂತ ಯಾರಾದರೂ ಹೇಳ್ತಾರೆ, ಅದನ್ನು ಯಾರೂ ತಪ್ಪು ಅನ್ನೋದಿಲ್ಲ. ಮೂಗಿಗೆ ಅಂಥ ಏರ್ಪಾಡಿಲ್ಲ. ಉಸಿರಾಡದೆ ಒಂಬತ್ತು ಗಂಟೆ ಕೂರೋಕೆ ಆಗಲ್ಲ.

ನಮ್ಮ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳನ್ನೇ ನೋಡಿ. ತೆರೆಯೋಕೆ ಒಂದು ಕಿಟಕಿ ಇರಲ್ಲ. ಸೆಂಟ್ರಲ್ ಎಸಿ ಅಂದರೆ ಹೊರಗಿನ ಗಾಳಿ ಅಂದುಕೊಳ್ಳಬೇಡಿ. ಕರೆಂಟ್ ಉಳಿಯಲಿ ಅಂತ ಒಳಗಿನ ಗಾಳಿಯ ಬಹುಪಾಲನ್ನೇ ಮತ್ತೆ ತಣ್ಣಗೆ ಮಾಡಿ ವಾಪಸ್ ಬಿಡ್ತಾರೆ, ಹೊಸ ಗಾಳಿ ಸೇರೋದು ಸ್ವಲ್ಪವೇ. ಹಾಗಾಗಿ ಮೂಲೆಯಲ್ಲಿ ಹೊಡೆದ ಲ್ಯಾವೆಂಡರ್ ಇಡೀ ಫ್ಲೋರಿನವರ ಎದೆಯೊಳಗೆ ಒಂದು ಸುತ್ತು ಹಾಕಿಯೇ ಹೋಗುತ್ತೆ.

ಅಷ್ಟಕ್ಕೂ ಈ ಫ್ರೆಶ್ನರ್ ಮಾಡೋ ಕೆಲಸವೇನು? ಹೆಸರು ನೋಡಿದರೆ ಗಾಳಿಯನ್ನು ತಾಜಾ ಮಾಡಬೇಕು. ಸಾಮಾನ್ಯವಾಗಿ ಅದು ಮಾಡೋದು, ಕೆಟ್ಟ ವಾಸನೆಯನ್ನು ಅಲ್ಲೇ ಬಿಟ್ಟು ಅದರ ಮೇಲೆ ಇನ್ನೊಂದು ವಾಸನೆ ಹಾಸೋದು. ಲೇಬಲ್ಲಿನಲ್ಲಿ 'ಫ್ರೇಗ್ರೆನ್ಸ್' ಅಂತ ಒಂದೇ ಪದ ಇರುತ್ತೆ, ಅದರ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. ನಿಂಬೆ, ಕಿತ್ತಳೆ ಪರಿಮಳ ಕೊಡೋ ಲಿಮೋನಿನ್ ಅನ್ನೋ ವಸ್ತು ಗಾಳಿಯಲ್ಲಿರೋ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಟಾಯ್ಲೆಟ್ಟಿನಲ್ಲಿ, ವಾಶ್‌ಬೇಸಿನ್ನಿನಲ್ಲಿ ಹಾಕ್ತಾರಲ್ಲ ನುಸಿಗುಳಿಗೆ, ಅದು ನ್ಯಾಫ್ತಲೀನ್ ಆಗಿರಲಿ, ಪ್ಯಾರಾಡೈಕ್ಲೋರೋಬೆಂಜೀನ್ ಆಗಿರಲಿ, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ಸಾಧ್ಯತೆಯಿರೋ ವಸ್ತುಗಳ ಗುಂಪಿಗೆ ಸೇರಿಸಿದೆ. ನಾವು ಅದರ ಹತ್ತಿರ ಎರಡು ನಿಮಿಷ ನಿಂತು ಬರ್ತೀವಿ. ಅಲ್ಲೇ ಇಡೀ ದಿನ ನೆಲ ಒರೆಸೋ ಹೌಸ್‌ಕೀಪಿಂಗ್ ಅಕ್ಕನ ಉಸಿರಿನ ಬಗ್ಗೆ ಯಾವ ಮೀಟಿಂಗಿನಲ್ಲೂ ಮಾತು ಬರಲ್ಲ.

"ಲಕ್ಷಕ್ಕೊಬ್ಬರಿಗೆ ಆಗೋ ತೊಂದರೆಗೆ ಇಷ್ಟೆಲ್ಲ ಗಲಾಟೆನಾ?" ಅಂತೀರಾ? ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಒಂದು ಲೆಕ್ಕ ಕೊಟ್ಟಿದ್ದರು. 1979ರಲ್ಲಿ ಶೇ 9ರಷ್ಟು ಮಕ್ಕಳಿಗಿದ್ದ ಅಸ್ತಮಾ 1999ಕ್ಕೆ ಶೇ 29.5 ಆಗಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದ್ದಲ್ಲ, ನಿಜ. ಆದರೂ ಯೋಚಿಸಿ, ಆ ಮಕ್ಕಳೆಲ್ಲ ಈಗ ಎಲ್ಲಿದ್ದಾರೆ? ಬೆಳೆದು, ಓದಿ, ಟ್ಯಾಗ್ ಹಾಕ್ಕೊಂಡು ನಮ್ಮ ಪಕ್ಕದ ಸೀಟುಗಳಲ್ಲಿ ಕೂತಿದ್ದಾರೆ. ಸೆಂಟಿನ ಘಾಟಿಗೇ ಮೈಗ್ರೇನ್ ಶುರುವಾಗೋರು ಇದರ ಮೇಲೆ. ಅವರಲ್ಲಿ ಹೆಚ್ಚಿನವರು ಬಾಯಿ ಬಿಡಲ್ಲ. 'ಸೆನ್ಸಿಟಿವ್' ಅನ್ನಿಸಿಕೊಳ್ಳೋಕೆ ಯಾರಿಗಿಷ್ಟ?

ಇದನ್ನು ಗಂಭೀರವಾಗಿ ತಗೊಂಡವರೂ ಇದ್ದಾರೆ. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ 1990ರ ದಶಕದಿಂದಲೇ ಆಸ್ಪತ್ರೆ, ವಿಶ್ವವಿದ್ಯಾಲಯಗಳು 'ಇಲ್ಲಿ ಸೆಂಟು ಬೇಡ' ಅಂತ ಕೇಳಿಕೊಳ್ಳೋಕೆ ಶುರು ಮಾಡಿದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2009ರಲ್ಲಿ ತನ್ನ ಕಟ್ಟಡಗಳೊಳಗೆ ಗೋಡೆಯ ಫ್ರೆಶ್ನರ್, ಊದುಬತ್ತಿ, ಸುಗಂಧದ ಮೇಣದಬತ್ತಿ, ಟಾಯ್ಲೆಟ್ ಗುಳಿಗೆ ಎಲ್ಲವನ್ನೂ ನಿಷೇಧಿಸಿತು. ಡೆಟ್ರಾಯ್ಟ್ ನಗರಾಡಳಿತದ ಉದ್ಯೋಗಿಯೊಬ್ಬರು ಸಹೋದ್ಯೋಗಿಯ ಸೆಂಟು ಮತ್ತು ಫ್ರೆಶ್ನರ್‌ನಿಂದ ಉಸಿರಾಡೋಕೆ ಆಗ್ತಿಲ್ಲ ಅಂತ ಕೋರ್ಟಿಗೆ ಹೋದರು. 2010ರಲ್ಲಿ ನಗರಾಡಳಿತ 1 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅಮೆರಿಕದ ಕ್ಲೈಂಟಿನ ಟೈಮ್‌ಝೋನಿಗೆ ನಿದ್ದೆ ಹೊಂದಿಸಿಕೊಳ್ಳೋ ನಾವು, ಅವರ ಈ ಒಂದು ಒಳ್ಳೆ ಅಭ್ಯಾಸ ಯಾಕೆ ಕಲಿಯಲಿಲ್ಲ?

ಇನ್ನೊಂದು ವಿಷಯ ಹೇಳಲೇಬೇಕು. ಅದೇ ಆಫೀಸಿನಲ್ಲಿ ಕರಾವಳಿಯ ಹುಡುಗನೊಬ್ಬ ಒಂದು ಮಧ್ಯಾಹ್ನ ಒಣಮೀನಿನ ಚಟ್ನಿ ತಂದಿದ್ದ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ್ದೇ ತಪ್ಪಾಯ್ತು, ಸಂಜೆಯೊಳಗೆ ಎಲ್ಲರಿಗೂ ಮೇಲ್ ಬಂತು: 'ಘಾಟು ವಾಸನೆಯ ಆಹಾರ ತರಬೇಡಿ, ಸಹೋದ್ಯೋಗಿಗಳಿಗೆ ತೊಂದರೆಯಾಗುತ್ತದೆ.' ಅಂದರೆ ವಾಸನೆಯಿಂದ ಇನ್ನೊಬ್ಬರಿಗೆ ತೊಂದರೆ ಆಗುತ್ತೆ ಅನ್ನೋ ತಿಳಿವಳಿಕೆ ಇವರಿಗೆ ಚೆನ್ನಾಗೇ ಇದೆ. ಹತ್ತು ನಿಮಿಷದ ಮೀನಿನ ಡಬ್ಬಿಗೆ ನಿಷೇಧ, ಒಂಬತ್ತು ಗಂಟೆಯ ಲ್ಯಾವೆಂಡರ್ ಡಬ್ಬಿಗೆ ಬಜೆಟ್! ಯಾರ ಮನೆ ಅಡುಗೆ 'ನಾತ', ಯಾವ ಬ್ರ್ಯಾಂಡಿನ ಸೆಂಟು 'ಕ್ಲಾಸಿ' ಅಂತ ತೀರ್ಮಾನ ಮಾಡಿದ್ದು ಮೂಗಲ್ಲ, ಅಂತಸ್ತು. ಮೀನಿನ ವಾಸನೆಗೆ ಮುಖ ಸಿಂಡರಿಸಿದವರ ಉಸಿರೇನೂ ನಿಂತಿರಲಿಲ್ಲ. ಉಸಿರು ನಿಂತವಳ ದೂರಿಗೆ ಮೇಲ್ ಬರಲಿಲ್ಲ.

"ಸೆಂಟು ಹಾಕದಿದ್ರೆ ಬೆವರು ನಾತ ಸಹಿಸ್ಕೋತೀರಾ?" ಅಂತ ಕೇಳ್ತಾರೆ. ಬೆವರಿಗೆ ಮದ್ದು ಸ್ನಾನ, ಒಗೆದ ಬಟ್ಟೆ. ಬೆವರಿನ ಮೇಲೆ ಸೆಂಟು ಹೊಡೆದರೆ ಎರಡೂ ಸೇರಿ ಮೂರನೆಯದೊಂದು ವಾಸನೆ ಬರುತ್ತೆ, ಅದನ್ನು ಕ್ಯಾಬಿನಲ್ಲಿ ನೀವೂ ಅನುಭವಿಸಿರ್ತೀರಿ. ಮತ್ತೆ, ಸೆಂಟು ಹಾಕ್ಕೊಂಡವರ ಮೂಗು ಕೆಲವೇ ನಿಮಿಷಕ್ಕೆ ಅದಕ್ಕೆ ಒಗ್ಗಿಹೋಗುತ್ತೆ. 'ಯಾಕೋ ಇವತ್ತು ಗೊತ್ತೇ ಆಗ್ತಿಲ್ವಲ್ಲ' ಅಂತ ಇನ್ನೆರಡು ಸಲ ಒತ್ತುತ್ತಾರೆ. ಗೊತ್ತಾಗ್ತಾ ಇರೋದು ಉಳಿದವರಿಗೆ.

"ನಮ್ಮದು ಶ್ರೀಗಂಧದ ನಾಡು, ಪರಿಮಳ ನಮ್ಮ ಸಂಸ್ಕೃತಿ" ಅನ್ನೋರೂ ಇದ್ದಾರೆ. ಒಪ್ಪಿದೆ. ಮೈಸೂರು ಅಗರಬತ್ತಿಗೆ ಜಿಐ ಟ್ಯಾಗೇ ಇದೆ. ಆದರೆ ಗಂಧವನ್ನು ನಾವು ತೇಯ್ದು ಹಚ್ಚಿಕೊಂಡವರು, ಹತ್ತಿರ ಬಂದವರಿಗಷ್ಟೇ ಅದು ತಿಳಿಯೋದು. ಮುಡಿದ ಮಲ್ಲಿಗೆಯೂ ಹಾಗೇ. ಆಯುಧ ಪೂಜೆಗೆ ವರ್ಷಕ್ಕೊಮ್ಮೆ ಊದುಬತ್ತಿ ಹಚ್ಚಿ, ಬೇಡ ಅನ್ನಲ್ಲ. ಹಚ್ಚೋ ಮೊದಲು "ಯಾರಿಗಾದ್ರೂ ಆಗಲ್ವಾ?" ಅಂತ ಒಂದು ಮಾತು ಕೇಳಿ. ಅಷ್ಟು ಕೇಳಿದರೆ ಯಾವ ದೇವರೂ ಮುನಿಸಿಕೊಳ್ಳಲ್ಲ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಗೋಡೆ ಮೇಲಿನ ಡಬ್ಬಿ ತೆಗೀರಿ. ಟಾಯ್ಲೆಟ್ ನಾರಿದರೆ ಯಾಕೆ ಅಂತ ನೋಡಿ. ಎಷ್ಟೋ ಸಲ ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ನೀರು ಒಣಗಿ ಮೋರಿ ಗಾಳಿ ಮೇಲೆ ಬರ್ತಿರುತ್ತೆ, ಅದಕ್ಕೆ ಒಂದು ಬಕೆಟ್ ನೀರು ಸಾಕು. ಎಕ್ಸಾಸ್ಟ್ ಫ್ಯಾನ್ ತಿರುಗ್ತಿದೆಯಾ ನೋಡಿ. ಕಾರ್ಪೆಟ್ ತೊಳೆಸಿ, ಎಸಿ ಫಿಲ್ಟರ್ ಬದಲಿಸಿ. ಸೆಂಟು ಬೇಕೇ ಬೇಕು ಅನ್ನೋರು ಸಂಜೆ ಹೊರಡುವಾಗ ಹಾಕ್ಕೊಳ್ಳಿ. ಪಕ್ಕದವರು ಸುಮ್ಮಸುಮ್ಮನೆ ಕೆಮ್ಮುತ್ತಿದ್ದರೆ ಹೆಸರಿಡೋ ಬದಲು ಕಾರಣ ಕೇಳಿ.

ಕೊನೆಗೊಂದು ವಿಷಯ. ಅವಳು ಹೋದ ಮರುವಾರ ಒಂದು ಸಂಜೆ, ಎಲ್ಲರೂ ಕ್ಯಾಬಿಗೆ ಇಳಿದ ಮೇಲೆ, ನಾನು ಕುರ್ಚಿ ಹತ್ತಿ ಆ ಡಬ್ಬಿಯ ಬ್ಯಾಟರಿ ತೆಗೆದೆ. ಎರಡೇ ಎರಡು ಪೆನ್ಸಿಲ್ ಸೆಲ್. ಯಾರಾದರೂ ಕೇಳ್ತಾರೆ ಅಂತ ಎದೆ ಡವಡವ ಅಂತಿತ್ತು. ವಾರವಾಯ್ತು, ತಿಂಗಳಾಯ್ತು. ಒಬ್ಬರೂ ಕೇಳಲಿಲ್ಲ. ಒಬ್ಬರಿಗೂ ಅದು ನಿಂತಿದ್ದು ಗೊತ್ತೇ ಆಗಲಿಲ್ಲ.

ಅವಳಿದ್ದಾಗಲೇ ತೆಗೀಬಹುದಿತ್ತು.